ಪೆಟ್ಟಿಗೆಯೊಳಗಿನ ಗಾಳಿ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ದೂರಸಂಪರ್ಕದ ಉಪಕರಣಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಇಂಜಿನಿಯರ್ ಆಗಿದ್ದಾನೆ. ಅಲ್ಲಿ ಏನು ಕೆಲಸವಪ್ಪಾ ಎಂದು ಕೇಳಿದೆ. "ಇನ್ನೂ ತಯಾರಾಗದ ಪೆಟ್ಟಿಗೆಯೊಳಗೆ ಗಾಳಿ ಹೇಗೆ ಓಡಾಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಸರ್" ಎಂದ. ಸ್ವಲ್ಪ ತಡೆದು, "ಈ ಕೆಲಸ ಶುರುವಾದದ್ದು ನಿಮ್ಮ ಕಂಪ್ಯೂಟರ್ ಕೋಣೆಯಲ್ಲೇ, ನಿಮಗೆ ನೆನಪಿರಬೇಕು" ಎಂದು ನಕ್ಕ. ನನಗೆ ನಗು ಬರಲಿಲ್ಲ. ನೆನಪಿತ್ತು.

೨೦೦೨ರ ಮಾತು. ನಮ್ಮ ಶಾಲೆಗೆ ಆರು ಕಂಪ್ಯೂಟರುಗಳು ಬಂದು ಇನ್ನೂ ವರ್ಷ ಕಳೆದಿರಲಿಲ್ಲ. ವಿಜ್ಞಾನದ ಮೇಷ್ಟ್ರೆಂಬ ಕಾರಣಕ್ಕೆ ಅವುಗಳ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಧೂಳಿನ ಭಯ ನನಗೆ ಎಷ್ಟಿತ್ತೆಂದರೆ, ದರ್ಜಿಯಿಂದ ಆರು ದಪ್ಪ ಬಟ್ಟೆಯ ಕವಚಗಳನ್ನು ಹೊಲಿಸಿದ್ದೆ. ಯಂತ್ರ ನಡೆಯುವಾಗಲೂ ಮುಂಭಾಗವನ್ನಷ್ಟೇ ಎತ್ತಿ ಕಟ್ಟಬೇಕು, ಹಿಂಭಾಗ ಮುಚ್ಚಿಯೇ ಇರಬೇಕೆಂಬುದು ನನ್ನ ಆಜ್ಞೆ. ಮೇಜುಗಳನ್ನು ಗೋಡೆಗೆ ಒತ್ತಿ ಇಡಿಸಿದ್ದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಒಂದು ಯಂತ್ರ ಅರ್ಧ ಗಂಟೆಗೊಮ್ಮೆ ತಾನಾಗಿಯೇ ಆರಿಹೋಗತೊಡಗಿತು. ಒಂಬತ್ತನೆಯ ತರಗತಿಯ ಈ ಹುಡುಗ ಯಾರಿಗೂ ಹೇಳದೆ ಸ್ಕ್ರೂ ಬಿಚ್ಚಿ ಅದರ ಪಕ್ಕದ ಮುಚ್ಚಳವನ್ನು ತೆಗೆದಿಟ್ಟ. ನಾಲ್ಕಾರು ದಿನ ಯಂತ್ರ ನಿಲ್ಲದೆ ನಡೆಯಿತು. ನಾನು ಕಂಡವನೇ ಮುಚ್ಚಳ ಹಾಕಿಸಿದೆ. ಮರುವಾರ ಅದು ಕೆಟ್ಟು ಶಾಶ್ವತವಾಗಿ ನಿಂತಿತು. ಇಡೀ ತರಗತಿಯ ಎದುರು ನಾನು ಕೊಟ್ಟ ತೀರ್ಪು: ಮುಚ್ಚಳ ತೆಗೆದದ್ದರಿಂದ ಧೂಳು ಹೋಗಿ ಯಂತ್ರ ಸತ್ತಿತು. ಹುಡುಗ, "ಒಳಗೆ ತುಂಬಾ ಬಿಸಿ ಇತ್ತು ಸರ್" ಎಂದ. "ಬಿಸಿ ಗಾಳಿ ತಾನಾಗಿಯೇ ಮೇಲೇರಿ ಹೋಗುತ್ತದೆ, ಪಾಠ ಓದಿಲ್ಲವೇ" ಎಂದೆ. ಅವನ ತಂದೆಯನ್ನು ಕರೆಸಲಾಯಿತು. ರಿಪೇರಿಯ ಹಣವನ್ನು ಅವರು ಎರಡು ಕಂತಿನಲ್ಲಿ ಕಟ್ಟಿದರು.

ಆತ ಹೋದ ಮೇಲೆ ಕೆಲವು ತಿಂಗಳು ಈ ವಿಷಯವನ್ನು ನನ್ನ ಮಟ್ಟಿಗೆ ಓದಿದೆ. ಗಾಳಿಯನ್ನು ಲೆಕ್ಕ ಹಾಕುವ ವಿದ್ಯೆ ಎಲ್ಲಿ ಹುಟ್ಟಿತು, ಅದು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹೇಗೆ ಹೊಕ್ಕಿತು ಎಂಬ ಕಥೆ ನಾನು ಎಣಿಸಿದ್ದಕ್ಕಿಂತ ಸ್ವಾರಸ್ಯವಾಗಿದೆ. ನೀವೆಲ್ಲ ನನ್ನ ತರಗತಿಯಲ್ಲಿ ಉಷ್ಣ ಪ್ರಸಾರದ ಪಾಠ ಕೇಳಿದವರು. ಆ ಪಾಠಕ್ಕೆ ಇದನ್ನು ತಡವಾಗಿ ಬಂದ ಅನುಬಂಧವೆಂದು ತಿಳಿಯಿರಿ.

ಗಾಳಿಯಾಗಲಿ ನೀರಾಗಲಿ ಹರಿಯುವಾಗ ಪಾಲಿಸುವ ನಿಯಮಗಳನ್ನು ಫ್ರಾನ್ಸಿನ ನೇವಿಯೇ ೧೮೨೨ರಲ್ಲಿಯೂ ಇಂಗ್ಲೆಂಡಿನ ಸ್ಟೋಕ್ಸ್ ೧೮೪೫ರಲ್ಲಿಯೂ ಸಮೀಕರಣಗಳ ರೂಪಕ್ಕೆ ತಂದರು. ನ್ಯೂಟನ್ನನ ಎರಡನೆಯ ನಿಯಮವನ್ನೇ ಹರಿಯುವ ವಸ್ತುವಿಗೆ ಅನ್ವಯಿಸಿದ್ದು ಅವು. ಬರೆಯಲು ನಾಲ್ಕೈದು ಸಾಲು ಸಾಕು, ಬಿಡಿಸಲು ಮಾತ್ರ ಆಗದು. ನೇರವಾದ ಕೊಳವೆಯಂಥ ಕೆಲವು ಸರಳ ಸಂದರ್ಭಗಳನ್ನು ಬಿಟ್ಟರೆ, ಮೂಲೆ ಮುಡುಕುಗಳಿರುವ ಯಾವ ಜಾಗದಲ್ಲಿಯೂ ಅವುಗಳಿಗೆ ಕಾಗದದ ಮೇಲೆ ಉತ್ತರ ಸಿಗುವುದಿಲ್ಲ.

ಉತ್ತರ ಸಿಗದಿದ್ದರೆ ಜಾಗವನ್ನೇ ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಕೂಡುವ ಕಳೆಯುವ ಲೆಕ್ಕ ಮಾಡಿದರಾಯಿತು ಎಂದು ಹೊರಟವರಲ್ಲಿ ಮುಖ್ಯರು ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಆಂಗ್ಲ ವಿಜ್ಞಾನಿ. ಮೊದಲು ಅವರು ಕೈಹಾಕಿದ್ದು ಕಲ್ಲಿನ ಅಣೆಕಟ್ಟೆಯೊಳಗಿನ ಒತ್ತಡಗಳ ಲೆಕ್ಕಕ್ಕೆ. ೧೯೧೦ರ ಆ ಪ್ರಬಂಧದಲ್ಲಿ ಮೇಷ್ಟ್ರಾದವನಿಗೆ ಮರೆಯಲಾಗದ ಒಂದು ಸಂಗತಿಯಿದೆ. ಲೆಕ್ಕ ಮಾಡಲು ಅವರು ಹುಡುಗರನ್ನು ಇಟ್ಟುಕೊಂಡಿದ್ದರು. ಬಿಂದುವಿಗೆ ಇಷ್ಟು ಎಂದು ಕೂಲಿ. ತಪ್ಪಾದ ಲೆಕ್ಕಕ್ಕೆ ಕಾಸಿಲ್ಲ. ಚುರುಕಾದ ಒಬ್ಬ ಹುಡುಗ ಮೂರಂಕಿಯ ಸಂಖ್ಯೆಗಳ ಮೇಲೆ ವಾರಕ್ಕೆ ಸುಮಾರು ೨೦೦೦ ಲೆಕ್ಕ ಮಾಡುತ್ತಿದ್ದನೆಂದು ಅವರೇ ಬರೆದಿದ್ದಾರೆ. ಆ ಹುಡುಗ ಮುಂದೆ ಏನಾದನೋ! 'ಕಂಪ್ಯೂಟರ್' ಎಂಬ ಮಾತಿಗೆ ಆ ಕಾಲದಲ್ಲಿ ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥ.

ಆಮೇಲೆ ರಿಚರ್ಡ್‌ಸನ್ ಗಾಳಿಯತ್ತ ತಿರುಗಿದರು. ನಾಳೆಯ ಹವೆಯನ್ನು ಇಂದಿನ ಹವೆಯಿಂದ ಲೆಕ್ಕ ಮಾಡಿ ತೆಗೆಯಬೇಕೆಂಬುದು ಅವರ ಹಂಬಲ. ಕ್ವೇಕರ್ ಪಂಥದವರಾದ್ದರಿಂದ ಯುದ್ಧ ಮಾಡಲೊಪ್ಪದೆ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಆಂಬುಲೆನ್ಸ್ ಓಡಿಸಿದರು. ಬಿಡುವಿನ ಹೊತ್ತಿನಲ್ಲಿ ೧೯೧೦ರ ಮೇ ೨೦ನೆಯ ದಿನದ ಯುರೋಪಿನ ಹವೆಯನ್ನು ತೆಗೆದುಕೊಂಡು ಆರು ಗಂಟೆಯ ಮುನ್ಸೂಚನೆಯನ್ನು ಕೈಯಲ್ಲೇ ಲೆಕ್ಕ ಹಾಕಿದರು. ಹಸ್ತಪ್ರತಿ ಯುದ್ಧದ ಗದ್ದಲದಲ್ಲಿ ಕಳೆದು, ತಿಂಗಳುಗಳ ನಂತರ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು. ೧೯೨೨ರಲ್ಲಿ ಅದು ಪುಸ್ತಕವಾಯಿತು. ಉತ್ತರ? ಆರು ಗಂಟೆಯಲ್ಲಿ ವಾಯುವಿನ ಒತ್ತಡ ೧೪೫ ಮಿಲಿಬಾರ್ ಏರುತ್ತದೆಂದು ಲೆಕ್ಕ ಹೇಳಿತು. ನಿಜವಾಗಿ ಅಂದು ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಇಷ್ಟು ದೊಡ್ಡ ತಪ್ಪನ್ನು ಅವರು ಮುಚ್ಚಿಡದೆ ಹಾಗೆಯೇ ಅಚ್ಚು ಹಾಕಿಸಿದರು. ಜೊತೆಗೆ, ೬೪,೦೦೦ ಮಂದಿ ಒಂದೇ ಭವನದಲ್ಲಿ ಕುಳಿತು ಭೂಮಂಡಲದ ಗಾಳಿಯನ್ನು ಲೆಕ್ಕ ಹಾಕುವ ಒಂದು ಕನಸನ್ನೂ ಬರೆದರು. ಐರ್ಲೆಂಡಿನ ಪೀಟರ್ ಲಿಂಚ್ ಎಂಬ ಹವಾಮಾನ ವಿಜ್ಞಾನಿ ಬಹುಕಾಲದ ನಂತರ ಅದೇ ಲೆಕ್ಕವನ್ನು ಮತ್ತೆ ಮಾಡಿ ತೋರಿಸಿದರು: ವಿಧಾನದಲ್ಲಿ ದೋಷವಿರಲಿಲ್ಲ, ಆರಂಭಕ್ಕೆ ಕೊಟ್ಟ ಅಂಕಿಗಳು ಪರಸ್ಪರ ಹೊಂದದೆ ಇದ್ದುದೇ ಕಾರಣ, ಅವನ್ನು ಸರಿಪಡಿಸಿದರೆ ಒಪ್ಪುವಂಥ ಉತ್ತರವೇ ಬರುತ್ತದೆ.

ಕೈಲೆಕ್ಕದ ಪರಂಪರೆ ಇನ್ನೂ ಕೆಲಕಾಲ ನಡೆಯಿತು. ಜಪಾನಿನ ಮಿತುತೋಸಿ ಕವಾಗುತಿ ೧೯೫೩ರಲ್ಲಿ ಒಂದು ದುಂಡು ಕಂಬದ ಸುತ್ತ ಹರಿಯುವ ನಿಧಾನಗತಿಯ ಪ್ರವಾಹವನ್ನು ಮೇಜಿನ ಮೇಲಿನ ಗಣಕದಿಂದ ಲೆಕ್ಕ ಹಾಕಿದರು. ವಾರಕ್ಕೆ ೨೦ ಗಂಟೆಯಂತೆ ಒಂದೂವರೆ ವರ್ಷ ಹಿಡಿಯಿತಂತೆ. ಒಂದು ಕಂಬ, ಒಂದು ವೇಗ, ಒಂದೂವರೆ ವರ್ಷ. ಇಂಥ ತಾಳ್ಮೆಯ ಕಾಲು ಭಾಗ ನನಗಿದ್ದಿದ್ದರೆ ೨೦೦೨ರಲ್ಲಿ ಮೇಜನ್ನು ಸರಿಸಿ ಹಿಂದೆ ಕೈಯಿಟ್ಟು ನೋಡುತ್ತಿದ್ದೆ.

ಅಷ್ಟರಲ್ಲಿ ಅಮೆರಿಕದಲ್ಲಿ ವಿದ್ಯುನ್ಮಾನ ಗಣಕಯಂತ್ರ ಬಂದಾಗಿತ್ತು. ೧೯೪೬ರಲ್ಲಿ ಲೋಕಕ್ಕೆ ತೋರಿಸಲಾದ ಎನಿಯಾಕ್‌ನಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಗೆಗಳಿದ್ದವು. ಅದು ಕುಡಿಯುತ್ತಿದ್ದ ವಿದ್ಯುತ್ತು ಸುಮಾರು ೧೫೦ ಕಿಲೋವಾಟ್. ಅಷ್ಟೂ ಕೊನೆಗೆ ಶಾಖವೇ ಆಗಬೇಕು. ಆದುದರಿಂದ ದೊಡ್ಡ ಪಂಖಗಳನ್ನಿಟ್ಟು ಯಂತ್ರದೊಳಗೆ ಗಾಳಿಯನ್ನು ನೂಕಬೇಕಾಯಿತು. ಜೂಲ್ ಚಾರ್ನಿ, ರಾಗ್ನಾರ್ ಫ್ಯೋರ್ಟಾಫ್ಟ್, ಜಾನ್ ಫಾನ್ ನಾಯ್ಮನ್ ೧೯೫೦ರಲ್ಲಿ ಕಂಪ್ಯೂಟರಿನ ಮೊದಲ ಹವಾಮುನ್ಸೂಚನೆಯನ್ನು ತೆಗೆದದ್ದು ಈ ಯಂತ್ರದಲ್ಲಿಯೇ. ೨೪ ಗಂಟೆಯ ಮುನ್ಸೂಚನೆಗೆ ಸುಮಾರು ೨೪ ಗಂಟೆಯೇ ಹಿಡಿಯಿತು. ರಿಚರ್ಡ್‌ಸನ್ ಆಗ ಬದುಕಿದ್ದರು, ಸುದ್ದಿ ತಿಳಿದು ಸಂತೋಷಪಟ್ಟರು, ೧೯೫೩ರಲ್ಲಿ ತೀರಿಕೊಂಡರು. ಆಕಾಶದ ಗಾಳಿಯನ್ನು ಲೆಕ್ಕ ಹಾಕುತ್ತಿದ್ದ ಯಂತ್ರದ ಹೊಟ್ಟೆಯೊಳಗೇ ಇನ್ನೊಂದು ಗಾಳಿ ಬೀಸುತ್ತಿತ್ತು. ಆ ಗಾಳಿಯನ್ನು ಲೆಕ್ಕ ಹಾಕಬೇಕೆಂದು ಯಾರಿಗೂ ತೋರಲಿಲ್ಲ, ತೋರಿದರೂ ಆ ಯಂತ್ರಕ್ಕೆ ಅದು ನಿಲುಕುವಂಥದ್ದಾಗಿರಲಿಲ್ಲ. ಪೆಟ್ಟಿಗೆಯೊಳಗಿನ ಗಾಳಿ ಆಕಾಶದ ಗಾಳಿಗಿಂತ ಸುಲಭವೆಂದು ಭಾವಿಸಬೇಡಿ. ಹತ್ತು ಹಲವು ಅಡ್ಡಿಗಳು, ಕಿರಿದಾದ ಸಂದುಗಳು, ಅಲ್ಲಲ್ಲಿ ಸುಳಿಗಳು.

ಲಾಸ್ ಅಲಾಮೋಸ್‌ನ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಹಾರ್ಲೋ ಅವರ ತಂಡ ಮುಂದಿನ ದಾರಿ ಕಡಿಯಿತು. ೧೯೬೫ರಲ್ಲಿ ಹಾರ್ಲೋ ಮತ್ತು ವೆಲ್ಷ್ ಪ್ರಕಟಿಸಿದ ವಿಧಾನದಲ್ಲಿ ಒಂದು ಜಾಣತನವಿತ್ತು: ಒತ್ತಡವನ್ನು ಚೌಕದ ನಡುವೆಯೂ ವೇಗವನ್ನು ಚೌಕದ ಗೋಡೆಗಳ ಮೇಲೆಯೂ ಇಟ್ಟು ಲೆಕ್ಕ ಮಾಡುವುದು. ಕೇಳಲು ಕ್ಷುಲ್ಲಕವೆನಿಸಿದರೂ ಇದಿಲ್ಲದೆ ಲೆಕ್ಕ ಹುಚ್ಚುಹುಚ್ಚಾಗಿ ಏರಿಳಿಯುತ್ತಿತ್ತು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಬ್ರಯಾನ್ ಸ್ಪಾಲ್ಡಿಂಗ್ ಅವರ ಬಳಿ ಪುಣೆಯಿಂದ ಒಬ್ಬ ತರುಣರು ಸಂಶೋಧನೆಗೆ ಹೋದರು. ಹೆಸರು ಸುಹಾಸ್ ಪಾಟಣಕರ್. ಪುಣೆಯಲ್ಲಿ ಇಂಜಿನಿಯರಿಂಗ್, ಮುಂಬಯಿಯ ಐಐಟಿಯಲ್ಲಿ ಎಂಟೆಕ್ ಮುಗಿಸಿ ಹೋದವರು, ೧೯೬೭ರಲ್ಲಿ ಡಾಕ್ಟರೇಟ್ ಪಡೆದರು. ಗುರುಶಿಷ್ಯರಿಬ್ಬರೂ ೧೯೭೨ರಲ್ಲಿ ಪ್ರಕಟಿಸಿದ ವಿಧಾನಕ್ಕೆ 'ಸಿಂಪಲ್' ಎಂದೇ ಹೆಸರು. ಹೆಸರಿನ ಅಕ್ಷರಗಳಿಗೆ ಉದ್ದವಾದ ವಿಸ್ತರಣೆಯಿದೆ, ಬಿಡೋಣ. ತಿರುಳು ಇಷ್ಟು. ಪ್ರತಿಯೊಂದು ಚೌಕವೂ ಒಂದು ಅಂಗಡಿಯೆಂದುಕೊಳ್ಳಿ. ಒಳಬಂದ ಗಾಳಿ ಜಮಾ, ಹೊರಹೋದ ಗಾಳಿ ಖರ್ಚು. ಎರಡೂ ತಾಳೆಯಾಗಲೇಬೇಕು, ಏಕೆಂದರೆ ಗಾಳಿ ನಡುವೆ ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ. ಮೊದಲು ಒತ್ತಡವನ್ನು ಊಹೆಯಿಂದ ಬರೆದುಕೊಳ್ಳುವುದು. ಆ ಒತ್ತಡಕ್ಕೆ ಎಷ್ಟು ವೇಗ ಬರುತ್ತದೆಂದು ಲೆಕ್ಕ ಮಾಡುವುದು. ಆಗ ಯಾವ ಅಂಗಡಿಯ ಲೆಕ್ಕವೂ ತಾಳೆಯಾಗುವುದಿಲ್ಲ. ಜಮಾ ಹೆಚ್ಚಾದಲ್ಲಿ ಒತ್ತಡವನ್ನು ಸ್ವಲ್ಪ ಏರಿಸುವುದು, ಖರ್ಚು ಹೆಚ್ಚಾದಲ್ಲಿ ಇಳಿಸುವುದು. ಮತ್ತೆ ವೇಗ, ಮತ್ತೆ ತಾಳೆ. ನೂರಾರು ಸಲ ಹೀಗೆ ಮಾಡುತ್ತ ಹೋದರೆ ಎಲ್ಲ ಅಂಗಡಿಗಳ ಲೆಕ್ಕವೂ ಒಟ್ಟಿಗೆ ಸರಿಹೋಗುತ್ತದೆ. ಆಗ ನಮ್ಮ ಕೈಯಲ್ಲಿರುವುದೇ ಗಾಳಿಯ ಹರಿವಿನ ಚಿತ್ರ. ಮುಂದೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಪಾಟಣಕರ್ ೧೯೮೦ರಲ್ಲಿ ಬರೆದ ಪಠ್ಯಪುಸ್ತಕ ಈ ವಿದ್ಯೆಯನ್ನು ಸಾಮಾನ್ಯ ಇಂಜಿನಿಯರನ ಮೇಜಿಗೆ ತಂದಿತು. ನನ್ನ ಶಿಷ್ಯನೂ ಅದನ್ನೇ ಓದಿ ಕಲಿತನಂತೆ.

ಈ ವಿದ್ಯೆ ನಮ್ಮ ನಾಡಿಗೂ ಬೇಗನೇ ಬಂತು. ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ, ಪ್ರೊ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ೧೯೮೬ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕಯಂತ್ರವನ್ನು ಕಟ್ಟಿದರು. ಹಲವು ಸಂಸ್ಕಾರಕಗಳು ಕೆಲಸ ಹಂಚಿಕೊಂಡು ಲೆಕ್ಕ ಮಾಡುವ ಯಂತ್ರ ಅದು. ಹೆಸರೇ ಹೇಳುವಂತೆ, ಹರಿವಿನ ಸಮೀಕರಣಗಳನ್ನು ಬಿಡಿಸುವುದಕ್ಕಾಗಿಯೇ ಕಟ್ಟಿದ್ದು. ಹೊರದೇಶದ ಮಹಾಗಣಕಗಳು ನಮಗೆ ಸುಲಭವಾಗಿ ದೊರೆಯದಿದ್ದ ಕಾಲ. ಆ ವರ್ಷಗಳಲ್ಲಿ ನಾನು ತರಗತಿಯಲ್ಲಿ ಮರದ ಪುಡಿ ಉದುರಿಸಿದ ನೀರನ್ನು ಕಾಯಿಸಿ ಸಂವಹನ ಪ್ರವಾಹವನ್ನು ತೋರಿಸುತ್ತಿದ್ದೆ. ನಮ್ಮ ರಾಜಧಾನಿಯಲ್ಲೇ ಇಂಥದ್ದೊಂದು ನಡೆಯುತ್ತಿದೆಯೆಂಬ ಕಲ್ಪನೆಯೂ ನನಗಿರಲಿಲ್ಲ.

ಇನ್ನು ಪೆಟ್ಟಿಗೆಯ ಕಡೆಗೆ ಬರೋಣ. ನಳಿಗೆಗಳು ಹೋಗಿ ಚಿಪ್ಪುಗಳು ಬಂದರೂ ಶಾಖ ಬಿಡಲಿಲ್ಲ, ಇಕ್ಕಟ್ಟಾಯಿತು ಅಷ್ಟೆ. ೧೯೭೬ರ ಕ್ರೇ-೧ ಮಹಾಗಣಕಕ್ಕೆ ಶೀತಕಯಂತ್ರದಲ್ಲಿ ಬಳಸುವ ಫ್ರಿಯಾನನ್ನೇ ಹರಿಸಬೇಕಾಗಿತ್ತು. ಸಾಮಾನ್ಯ ಉಪಕರಣಗಳಿಗೆ ಗಾಳಿಯೇ ಗತಿ. ಎಷ್ಟು ಗಾಳಿ ಬೇಕೆಂಬ ಲೆಕ್ಕ ಹತ್ತನೆಯ ತರಗತಿಯದೇ. ಪೆಟ್ಟಿಗೆಯೊಳಗೆ ೧೦೦ ವಾಟ್ ಶಾಖ ಹುಟ್ಟುತ್ತದೆ, ಗಾಳಿ ೧೦ ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎನ್ನಿ. ಒಂದು ಗ್ರಾಂ ಗಾಳಿ ಒಂದು ಡಿಗ್ರಿ ಏರಲು ಸುಮಾರು ಒಂದು ಜೂಲ್ ಬೇಕು. ಹಾಗಾದರೆ ಸೆಕೆಂಡಿಗೆ ೧೦ ಗ್ರಾಂ, ಅಂದರೆ ಸುಮಾರು ೮ ಲೀಟರ್ ಗಾಳಿ ಹಾದುಹೋಗಬೇಕು. ಅಂಥ ಪಂಖ ತಂದು ಹಾಕಿದರಾಯಿತಲ್ಲ?

ಆಗಲಿಲ್ಲ. ಎಂಟು ಲೀಟರ್ ಗಾಳಿ ಒಳಹೊಕ್ಕು ಹೊರಬಂದರೂ, ಬಿಸಿಯಾದ ಚಿಪ್ಪಿನ ಬಳಿಗೆ ಹೋಯಿತೇ ಎಂಬುದೇ ಬೇರೆ ಪ್ರಶ್ನೆ. ಗಾಳಿ ಸೋಮಾರಿ, ಅಡ್ಡಿ ಕಡಿಮೆ ಇದ್ದ ಕಡೆ ನುಸುಳುತ್ತದೆ. ತಂಪು ಬೇಕಾದ ಜಾಗವೇ ರೆಕ್ಕೆಗಳೂ ತಂತಿಗಳೂ ತುಂಬಿ ಇಕ್ಕಟ್ಟಾಗಿರುತ್ತದೆ. ದೊಡ್ಡ ಬಿಡಿಭಾಗವೊಂದರ ಬೆನ್ನ ಹಿಂದೆ ಗಾಳಿ ಸುಳಿಯಾಗಿ ಸುತ್ತುತ್ತ ಅದೇ ಬಿಸಿಯನ್ನು ಅಲ್ಲೇ ತಿರುಗಿಸುತ್ತದೆ. ನಿಂತ ಗಾಳಿಯಂತೂ ಉಷ್ಣಕ್ಕೆ ಕಂಬಳಿ; ಅದರ ಉಷ್ಣವಾಹಕತೆ ತಾಮ್ರದ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಹಿಂದೆ ಇದನ್ನೆಲ್ಲ ತಿಳಿಯಲು ಮಾದರಿ ಪೆಟ್ಟಿಗೆಯನ್ನು ಕಟ್ಟಿ, ಉಷ್ಣಯುಗ್ಮಗಳನ್ನು ಅಂಟಿಸಿ, ಹೊಗೆ ಬಿಟ್ಟು ನೋಡುತ್ತಿದ್ದರು. ದೋಷ ಕಾಣುವ ಹೊತ್ತಿಗೆ ಅಚ್ಚು ಎರಕಗಳೆಲ್ಲ ಸಿದ್ಧವಾಗಿರುತ್ತಿದ್ದವು.

ಸ್ಪಾಲ್ಡಿಂಗ್ ೧೯೭೪ರಲ್ಲಿ ಚ್ಯಾಮ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ೧೯೮೧ರಲ್ಲಿ 'ಫೀನಿಕ್ಸ್' ಎಂಬ ಸಾಮಾನ್ಯೋಪಯೋಗಿ ತಂತ್ರಾಂಶವನ್ನು ಮಾರಾಟಕ್ಕೆ ತಂದಿದ್ದರು. ಅದನ್ನು ಬಳಸಲು ಹರಿವಿನ ಶಾಸ್ತ್ರದಲ್ಲಿ ಪಂಡಿತರೇ ಆಗಬೇಕಿತ್ತು. ಅಲ್ಲಿ ದುಡಿದಿದ್ದ ಹಾರ್ವೆ ರೋಸ್ಟೆನ್, ಡೇವಿಡ್ ಟ್ಯಾಚೆಲ್ ಎಂಬಿಬ್ಬರು ೧೯೮೮ರಲ್ಲಿ ಫ್ಲೋಮೆರಿಕ್ಸ್ ಎಂಬ ತಮ್ಮದೇ ಸಂಸ್ಥೆಯನ್ನು ತೆರೆದು, ಮರುವರ್ಷ 'ಫ್ಲೋಥರ್ಮ್' ಎಂಬ ತಂತ್ರಾಂಶವನ್ನು ಹೊರತಂದರು. ವಿದ್ಯುನ್ಮಾನ ಉಪಕರಣಗಳ ತಂಪಿಗಾಗಿಯೇ ಮಾಡಿದ್ದು. ಅದರ ಭಾಷೆ ಸಮೀಕರಣದ್ದಲ್ಲ. ಪಂಖ, ಕಿಂಡಿ, ಫಲಕ, ಚಿಪ್ಪು ಎಂದು ಇಂಜಿನಿಯರನ ಮಾತಿನಲ್ಲೇ ಪೆಟ್ಟಿಗೆಯನ್ನು ಜೋಡಿಸಬಹುದಿತ್ತು. ನನ್ನ ದೃಷ್ಟಿಯಲ್ಲಿ ಈ ಕಥೆಯ ದೊಡ್ಡ ತಿರುವು ಇದು. ಹೊಸ ಗಣಿತವೇನೂ ಇಲ್ಲಿ ಹುಟ್ಟಲಿಲ್ಲ, ಇದ್ದ ಗಣಿತ ಬೇಕಾದವನ ಕೈಗೆ ಸಿಕ್ಕಿತು. ರೋಸ್ಟೆನ್ ೧೯೯೭ರಲ್ಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಈ ಕ್ಷೇತ್ರದವರಿಗೆ ಪ್ರಶಸ್ತಿಯೊಂದಿದೆ.

ಲೆಕ್ಕ ಮಾಡಿದ್ದೆಲ್ಲ ನಿಜವೆಂದು ತಿಳಿಯಬಾರದು. ರಿಚರ್ಡ್‌ಸನ್ನರನ್ನು ಕಾಡಿದ ಪೀಡೆ ಇಲ್ಲಿಯೂ ಇದೆ: ಒಳಗೆ ಕೊಡುವ ಅಂಕಿಗಳು. ಯಾವ ಚಿಪ್ಪು ನಿಜವಾಗಿ ಎಷ್ಟು ವಾಟ್ ಸುಡುತ್ತದೆಂಬುದೇ ವಿನ್ಯಾಸದ ಹಂತದಲ್ಲಿ ಸರಿಯಾಗಿ ತಿಳಿದಿರುವುದಿಲ್ಲ. ಚಿಪ್ಪಿನೊಳಗಿನ ರಚನೆಯನ್ನು ತಯಾರಕರು ಹೇಳುವುದಿಲ್ಲ. ಇದಕ್ಕಾಗಿ ೧೯೯೩ರಿಂದ ಯುರೋಪಿನಲ್ಲಿ 'ಡೆಲ್ಫಿ' ಎಂಬ ಯೋಜನೆ ನಡೆಯಿತು. ಗುಟ್ಟು ಬಿಟ್ಟುಕೊಡದೆ, ಚಿಪ್ಪು ಶಾಖವನ್ನು ಯಾವ ಕಡೆಗೆ ಎಷ್ಟು ಸುಲಭವಾಗಿ ಬಿಡುತ್ತದೆಂಬುದನ್ನು ಕೆಲವೇ ರೋಧಗಳ ಜಾಲವಾಗಿ ತಿಳಿಸುವ ಉಪಾಯವನ್ನು ಅದು ರೂಪಿಸಿತು. ಮಾಪನವನ್ನು ಬಿಟ್ಟ ಇಂಜಿನಿಯರನನ್ನು ನಂಬಬೇಡಿ ಎಂದು ನನ್ನ ಶಿಷ್ಯನೇ ಹೇಳಿದ.

ಈಗ ಬಿಸಿ ಗಾಳಿ ಮೇಲೇರುವ ವಿಚಾರ. ಪಾಠ ಸುಳ್ಳಲ್ಲ. ಆದರೆ ಪಂಖ ನೂಕುವ ಗಾಳಿಯೆದುರು ಆ ಏರಿಕೆಯ ಬಲವೆಷ್ಟು? ಅದನ್ನು ಅಳೆಯುವ ಒಂದು ಸಂಖ್ಯೆಯಿದೆ. ಹತ್ತು ಸೆಂಟಿಮೀಟರ್ ಎತ್ತರ, ೨೦ ಡಿಗ್ರಿ ವ್ಯತ್ಯಾಸ, ಸೆಕೆಂಡಿಗೆ ಒಂದು ಮೀಟರ್ ವೇಗ ಎಂದು ಹಾಕಿದರೆ ಸುಮಾರು ೦.೦೬ ಬರುತ್ತದೆ, ಪಂಖದ ಮುಂದೆ ಏರಿಕೆ ಲೆಕ್ಕಕ್ಕಿಲ್ಲ. ಹಿಂದಿನ ಕಿಂಡಿ ಮುಚ್ಚಿದ್ದರೆ ಬಿಸಿ ಗಾಳಿ 'ತಾನಾಗಿಯೇ' ಎಲ್ಲಿಗೂ ಹೋಗದು. ಆ ಸಂಖ್ಯೆಯ ಹೆಸರು ರಿಚರ್ಡ್‌ಸನ್ ಸಂಖ್ಯೆ. ಅದೇ ರಿಚರ್ಡ್‌ಸನ್.

ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಒಂದು ಪೆಟ್ಟಿಗೆಯ ಬದಲು ಸಾವಿರಾರು ಪೆಟ್ಟಿಗೆಗಳಿರುವ ದತ್ತಾಂಶ ಕೇಂದ್ರಗಳು ಬಂದವು. ಪಾಟಣಕರ್ ೧೯೮೭ರಲ್ಲಿ ಆರಂಭಿಸಿದ ಸಂಸ್ಥೆ ಅಂಥ ಕೋಣೆಗಳ ಗಾಳಿಯನ್ನು ಲೆಕ್ಕ ಹಾಕಲು 'ಟೈಲ್‌ಫ್ಲೋ' ಎಂಬ ತಂತ್ರಾಂಶವನ್ನು ಮಾಡಿತು. ಅಲ್ಲಿ ಎತ್ತರಿಸಿದ ನೆಲದ ಕೆಳಗೆ ತಣ್ಣನೆಯ ಗಾಳಿಯನ್ನು ನೂಕಿ, ತೂತಿನ ಹಾಸುಗಳ ಮೂಲಕ ಮೇಲೆ ಬಿಡುತ್ತಾರೆ. ತಂಪುಯಂತ್ರದ ಪಕ್ಕದಲ್ಲೇ ಇರುವ ಹಾಸಿನಿಂದ ಹೆಚ್ಚು ಗಾಳಿ ಬರಬೇಕಲ್ಲವೇ? ಅಲ್ಲಿಯೇ ಕಡಿಮೆ, ಕೆಲವೊಮ್ಮೆ ಕೋಣೆಯ ಗಾಳಿಯೇ ಕೆಳಗೆ ಸೆಳೆದುಕೊಳ್ಳುತ್ತದೆ. ವೇಗ ಹೆಚ್ಚಿದ್ದಲ್ಲಿ ಒತ್ತಡ ಕಡಿಮೆ, ಬರ್ನೂಲಿಯ ತತ್ತ್ವ. ಎಷ್ಟು ವರ್ಷ ಅದನ್ನು ವಿಮಾನದ ರೆಕ್ಕೆಯ ಚಿತ್ರ ಬರೆದೇ ಕಲಿಸಿದೆ! ಈಗ ಒಂದೊಂದು ಚಿಪ್ಪೇ ೭೦೦ರಿಂದ ೧೦೦೦ ವಾಟ್ ಸುಡುವಂತಾಗಿ, ಗಾಳಿಯ ಜಾಗಕ್ಕೆ ಮತ್ತೆ ದ್ರವಗಳು ಬರುತ್ತಿವೆ. ಸಮೀಕರಣಗಳು ಮಾತ್ರ ಅವೇ.

ದೀಪಾವಳಿಗೆ ಬಂದವನು ಹೊರಡುವ ಮುನ್ನ ತನ್ನ ಲ್ಯಾಪ್‌ಟಾಪ್ ತೆರೆದು ಮೂರು ಚಿತ್ರಗಳನ್ನು ತೋರಿಸಿದ. ನಮ್ಮ ಶಾಲೆಯ ಆ ಹಳೆಯ ಪೆಟ್ಟಿಗೆಯನ್ನು ನೆನಪಿನಿಂದಲೇ ಬರೆದು, ಒಂದು ಸಂಜೆ ಕುಳಿತು ಲೆಕ್ಕಕ್ಕೆ ಹಾಕಿದ್ದನಂತೆ. ಮೊದಲನೆಯದರಲ್ಲಿ ಮುಚ್ಚಳ ಹಾಕಿದೆ, ಹಿಂದೆ ಬಟ್ಟೆ ಮತ್ತು ಗೋಡೆ: ಒಳಗೆಲ್ಲ ಕೆಂಪು. ಎರಡನೆಯದರಲ್ಲಿ ಹಿಂದೆ ಹಾಗೆಯೇ ಇದೆ, ಪಕ್ಕದ ಮುಚ್ಚಳ ತೆಗೆದಿದೆ: ಹಳದಿ, ಅಲ್ಲಲ್ಲಿ ಹಸಿರು. ಮೂರನೆಯದರಲ್ಲಿ ಮುಚ್ಚಳ ಹಾಕಿದೆ, ಬಟ್ಟೆ ಇಲ್ಲ, ಮೇಜು ಗೋಡೆಯಿಂದ ಒಂದು ಗೇಣು ಈಚೆಗಿದೆ: ಬಹುಪಾಲು ನೀಲಿ. "ಮುಚ್ಚಳ ತೆಗೆದದ್ದು ಸರಿಯಾದ ಉಪಾಯವಲ್ಲ ಸರ್. ಮುಚ್ಚಳವಿದ್ದರೆ ತಾನೇ ಗಾಳಿ ಮುಂದಿನಿಂದ ಹಿಂದಕ್ಕೆ ಎಲ್ಲವನ್ನೂ ತಡವಿಕೊಂಡು ಹೋಗುವುದು. ಆದರೆ ಹಿಂದೆ ಮುಚ್ಚಿದ್ದಾಗ..." ಎಂದು ಅಲ್ಲಿಗೇ ನಿಲ್ಲಿಸಿದ. ಬಟ್ಟೆಯ ಕವಚದ ಮಾತನ್ನು ಅವನು ಎತ್ತಲಿಲ್ಲ. ನಾನೇ ಎತ್ತಿದೆ. ಆ ವರ್ಷದ ಬೇಸಿಗೆಯಲ್ಲಿ ಇನ್ನೊಂದು ಯಂತ್ರವೂ ಹಾಗೆಯೇ ಸತ್ತಿತ್ತು. ಅದರ ಮುಚ್ಚಳವನ್ನು ಯಾರೂ ಮುಟ್ಟಿರಲಿಲ್ಲ. ಆಗಲೇ ನನಗೆ ಸಂಶಯ ಬಂದು ಆರೂ ಕವಚಗಳನ್ನು ತೆಗೆಸಿದ್ದೆ. ಹುಡುಗನಿಗಾಗಲಿ ಅವನ ತಂದೆಗಾಗಲಿ ಹೇಳಿರಲಿಲ್ಲ.

ಮೂರು ಚಿತ್ರಗಳನ್ನೂ ಮುದ್ರಿಸಿ ಕಳುಹಿಸೆಂದು ಕೇಳಿದ್ದೆ, ಮೊನ್ನೆ ಅಂಚೆಯಲ್ಲಿ ಬಂದವು. ಅವನ ತಂದೆಯವರು ಈಗ ಎಂಬತ್ತರ ಹತ್ತಿರದಲ್ಲಿದ್ದಾರೆ, ಊರಿನ ಹಳೆಯ ಮನೆಯಲ್ಲೇ ಇದ್ದಾರೆ. ಬರುವ ಭಾನುವಾರ ಚಿತ್ರಗಳನ್ನೂ, ಅವರು ಅಂದು ಕಟ್ಟಿದ ಎರಡು ಕಂತಿನ ಹಣವನ್ನೂ ತೆಗೆದುಕೊಂಡು ಅಲ್ಲಿಗೆ ಹೋಗುವವನಿದ್ದೇನೆ.